ಹುಣ್ಣು ಹಸಿ ಇದ್ದಾಗಲೇ ತೋರಿಸಿ

ಆ ದಿನ ನಮ್ಮ ಕಲಿಕಾ ಕೇಂದ್ರದಲ್ಲಿ ಒತ್ತಕ್ಷರದ ಪಾಠ ನಡೆದಿತ್ತು. ಹಣ್ಣು, ಕಣ್ಣು, ಬೆಣ್ಣೆ, ಹುಣ್ಣು ಎಂದು ಹಲಗೆಯ ಮೇಲೆ ಬರೆದೆವು. ಎಲ್ಲರೂ ಪಾಟಿಯ ಮೇಲೆ ಬರೆದರು. ಪಾಠ ಮುಗಿಯಿತು. ಎಲ್ಲರೂ ಮನೆಗೆ ಹೋದರು. ಒಬ್ಬ ತಂಗಿ ಮಾತ್ರ ಪಾಟಿ ಹಿಡಿದು ಕುಳಿತೇ ಇದ್ದಳು.

ಅವಳ ಹೆಸರು ಇಲ್ಲಿ ಹೇಳುವುದಿಲ್ಲ. ಊರೂ ಬೇಡ. ಹುನಗುಂದದ ಕಡೆಯವಳು ಎಂದರೆ ಸಾಕು. ಗಂಡ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾನೆ. ಹಬ್ಬಕ್ಕೆ ಬರುತ್ತಾನೆ, ಬಿತ್ತನೆಗೆ ಬರುತ್ತಾನೆ. ಇವಳು ಮನೆಯಲ್ಲಿ ಮಗ್ಗಕ್ಕೆ ನೂಲು ಸುತ್ತುತ್ತಾಳೆ.

"ಅಕ್ಕೋರ, ಹುಣ್ಣು ಅಂತ ಬರಿಯಾಕ ಬಂತ್ರಿ. ಹೇಳಾಕ ಬರವಲ್ದು" ಅಂದಳು.

"ಯಾರಿಗೆ ಹೇಳಾಕ ತಂಗಿ?"

"ಡಾಕ್ಟರಿಗ್ರಿ."

ಆಮೇಲೆ ಮೆಲ್ಲಗೆ ಹೇಳಿದಳು. ಮೂರು ದಿನದಿಂದ ಕೆಳಗೆ, ಮೂತ್ರ ಮಾಡುವ ಜಾಗದ ಹತ್ತಿರ, ಸಣ್ಣ ಸಣ್ಣ ನೀರುಗುಳ್ಳೆಗಳು ಎದ್ದಿವೆ. ಗುಂಪಾಗಿ ಎದ್ದಿವೆ. ಕೆಲವು ಒಡೆದು ಹುಣ್ಣಾಗಿವೆ. ಮೂತ್ರ ಮಾಡಿದರೆ ಉರಿ. ಮೈಯಲ್ಲಿ ಜ್ವರ. ತೊಡೆ ಸಂದಿಯಲ್ಲಿ ಗಂಟು. ಅತ್ತೆ "ಉಷ್ಣ ಆಗೇತಿ, ಮಜ್ಜಿಗಿ ಕುಡಿ" ಅಂದರಂತೆ. ನೆರೆಮನೆಯವರು "ಸರ್ಪಸುತ್ತು, ಕೆಮ್ಮಣ್ಣು ಹಚ್ಚು" ಅಂದರಂತೆ.

ಅವಳ ಹೆದರಿಕೆ ಬೇರೆಯೇ ಇತ್ತು. "ಇದು ಕೆಟ್ಟ ರೋಗ ಅಂತಾರ್ರಿ. ನಾ ಏನೂ ತಪ್ಪು ಮಾಡಿಲ್ಲ. ಅವರಿಗೆ ಗೊತ್ತಾದ್ರ ನನ್ನ ತವರಿಗೆ ಕಳಿಸ್ತಾರ."

ಮರುದಿನ ಬೆಳಿಗ್ಗೆ ನಾವೂ ಅವಳ ಜೊತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ನೋಡಿ "ಇದು ಹರ್ಪಿಸ್" ಅಂದರು. ನಾವು ಶಾಲೆಯ ಶಿಕ್ಷಕಿಯರು, ಡಾಕ್ಟರಲ್ಲ. ಆ ದಿನ ಕೇಳಿ ತಿಳಿದದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಹರ್ಪಿಸ್ ಅಂದರೆ ಏನು?

ಹರ್ಪಿಸ್ ಒಂದು ವೈರಸ್. ಕಣ್ಣಿಗೆ ಕಾಣದ ರೋಗಾಣು. ಇದರಲ್ಲಿ ಎರಡು ಬಗೆ. ಒಂದನೆಯ ಬಗೆ ಹೆಚ್ಚಾಗಿ ತುಟಿಯ ಮೇಲೆ ಗುಳ್ಳೆ ಎಬ್ಬಿಸುತ್ತದೆ. ಇದಕ್ಕೆ ನಾವು ಜ್ವರದ ಗುಳ್ಳೆ ಅನ್ನುತ್ತೇವೆ. ಜಗತ್ತಿನಲ್ಲಿ 50 ವರ್ಷದ ಒಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಈ ಬಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಚಿಕ್ಕಂದಿನಲ್ಲಿ ದೊಡ್ಡವರು ಮುದ್ದು ಕೊಟ್ಟಾಗ ಬಂದಿರುತ್ತದೆ. ಇದಕ್ಕೆ ಯಾರೂ ಯಾರನ್ನೂ ಕೆಟ್ಟವರು ಅನ್ನುವುದಿಲ್ಲ.

ಎರಡನೆಯ ಬಗೆ ಹೆಚ್ಚಾಗಿ ಗುಪ್ತಾಂಗದಲ್ಲಿ ಬರುತ್ತದೆ. ಗಂಡು ಹೆಣ್ಣು ಕೂಡಿದಾಗ ಹರಡುತ್ತದೆ. ತುಟಿಯ ಬಗೆಯೂ ಬಾಯಿಂದ ಕೆಳಗೆ ಹರಡಬಹುದು. ಜಗತ್ತಿನಲ್ಲಿ 15ರಿಂದ 49 ವರ್ಷದ ಐವರಲ್ಲಿ ಒಬ್ಬರಿಗೆ ಗುಪ್ತಾಂಗದ ಹರ್ಪಿಸ್ ಇದೆ ಎಂದು ಅದೇ ಸಂಸ್ಥೆ 2024ರಲ್ಲಿ ತಿಳಿಸಿತು. ಅವರಲ್ಲಿ ಬಹಳ ಜನರಿಗೆ ಅದು ಇರುವುದೇ ಗೊತ್ತಿಲ್ಲ.

ಸರ್ಪಸುತ್ತು ಬೇರೆ. ಅದೂ ಇದೇ ಜಾತಿಯ ವೈರಸ್ಸಿನಿಂದ ಬರುತ್ತದೆ, ನಿಜ. ಆದರೆ ಅದು ಚಿಕನ್‌ಪಾಕ್ಸ್ ಅಮ್ಮನ ವೈರಸ್. ಸೊಂಟ, ಬೆನ್ನು, ಎದೆಯ ಒಂದೇ ಮಗ್ಗುಲಿಗೆ ಪಟ್ಟಿಯಂತೆ ಏಳುತ್ತದೆ. ಕೆಮ್ಮಣ್ಣು ಎರಡಕ್ಕೂ ಔಷಧವಲ್ಲ. ಹಸಿ ಹುಣ್ಣಿಗೆ ಮಣ್ಣು ಹಚ್ಚಿದರೆ ಕೀವಾಗುತ್ತದೆ.

ಹೇಗೆ ಹರಡುತ್ತದೆ?

ಚರ್ಮಕ್ಕೆ ಚರ್ಮ ತಾಗಿ ಹರಡುತ್ತದೆ. ಗುಳ್ಳೆ ಇದ್ದಾಗ, ಹುಣ್ಣು ಹಸಿ ಇದ್ದಾಗ ಅಪಾಯ ಹೆಚ್ಚು. ಹುಣ್ಣು ಪೂರಾ ಮಾಯುವ ತನಕ ಗಂಡ ಹೆಂಡತಿ ಕೂಡಬಾರದು. ಇದು ಎಲ್ಲರಿಗೂ ತಿಳಿಯುವ ಮಾತು. ತಿಳಿಯದ ಮಾತು ಒಂದಿದೆ. ಹುಣ್ಣು ಇಲ್ಲದಾಗಲೂ ಕೆಲವು ದಿನ ವೈರಸ್ ಚರ್ಮದ ಮೇಲೆ ಬರುತ್ತದೆ. ಆಗ ಏನೂ ಕಾಣುವುದಿಲ್ಲ, ನೋಯುವುದಿಲ್ಲ, ಆದರೂ ಹರಡಬಹುದು. ನಿರೋಧ್ ಬಳಸಿದರೆ ಅಪಾಯ ಕಡಿಮೆ. ಪೂರ್ತಿ ಇಲ್ಲವಾಗುವುದಿಲ್ಲ. ಏಕೆಂದರೆ ನಿರೋಧ್ ಮುಚ್ಚದ ಜಾಗದ ಚರ್ಮವೂ ತಾಗುತ್ತದೆ.

ಶೌಚಾಲಯದಿಂದ ಬರುವುದಿಲ್ಲ. ನಲ್ಲಿಯ ನೀರಿನಿಂದ ಬರುವುದಿಲ್ಲ. ಬಟ್ಟೆ ತೊಳೆದುಕೊಟ್ಟರೆ ಬರುವುದಿಲ್ಲ. ಬನಶಂಕರಿ ಜಾತ್ರೆಯ ಗದ್ದಲದಲ್ಲಿ ಮೈಗೆ ಮೈ ತಾಗಿದರೂ ಬರುವುದಿಲ್ಲ. ಹರ್ಪಿಸ್ ಇರುವ ಹೆಣ್ಣುಮಗಳನ್ನು ಒಲೆಯಿಂದ ದೂರ ಇಡುವ ಕಾರಣವೇ ಇಲ್ಲ.

ಯಾರಿಂದ ಬಂತು? ಯಾವಾಗ ಬಂತು?

ಆ ತಂಗಿ ಕೇಳಿದ ಮೊದಲ ಪ್ರಶ್ನೆ ಇದೇ. ಡಾಕ್ಟರು ಹೇಳಿದ ಉತ್ತರ ಹೀಗಿತ್ತು. ವೈರಸ್ ತಾಗಿದ 2ರಿಂದ 12 ದಿನದಲ್ಲಿ ಗುಳ್ಳೆ ಏಳಬಹುದು. ಆದರೆ ಬಹಳ ಜನರಲ್ಲಿ ಮೊದಲ ಸಲ ಏನೂ ಕಾಣುವುದಿಲ್ಲ. ವೈರಸ್ ನರದ ಮೂಲಕ ಹೋಗಿ ಬೆನ್ನುಹುರಿಯ ಹತ್ತಿರ ಮಲಗುತ್ತದೆ. ತಿಂಗಳು ಕಳೆಯಬಹುದು, ವರ್ಷ ಕಳೆಯಬಹುದು. ಜ್ವರ, ದಣಿವು, ಮುಟ್ಟಿನ ದಿನ, ಏನಾದರೂ ನೆಪ ಸಿಕ್ಕಾಗ ಎದ್ದು ಬರುತ್ತದೆ. ಅದಕ್ಕೇ ಇಂದು ಎದ್ದ ಗುಳ್ಳೆ ಇಂದಿನ ತಪ್ಪಿಗೆ ಸಾಕ್ಷಿಯಲ್ಲ. ಹೆಂಡತಿಗೆ ಮೊದಲು ಕಂಡರೆ ಹೆಂಡತಿಯೇ ತಂದಳು ಎಂದಲ್ಲ. ರಕ್ತಪರೀಕ್ಷೆ ಕೂಡ ಯಾರಿಂದ ಬಂತು ಎಂದು ಹೇಳುವುದಿಲ್ಲ.

ಈ ಮಾತು ಕೇಳಿ ತಂಗಿ ಅತ್ತುಬಿಟ್ಟಳು. ಗಂಡ ತಪ್ಪು ಮಾಡಿಲ್ಲ ಎಂದೂ ನಾವು ಹೇಳುತ್ತಿಲ್ಲ, ಮಾಡಿದ ಎಂದೂ ಹೇಳುತ್ತಿಲ್ಲ. ಆದರೆ ನಮ್ಮ ಊರುಗಳಲ್ಲಿ ಇಂಥ ರೋಗ ಕಂಡಾಗ ಪಂಚಾಯಿತಿ ಕೂಡುವುದು ಹೆಣ್ಣಿನ ಮೇಲೆಯೇ. ಅದನ್ನು ಕಂಡಿದ್ದೇವೆ.

ಪರೀಕ್ಷೆ ಯಾವಾಗ?

ಗುಳ್ಳೆ ಎದ್ದ ಒಂದೆರಡು ದಿನದಲ್ಲೇ ಹೋಗಬೇಕು. ಹಸಿ ಹುಣ್ಣಿನಿಂದ ಹತ್ತಿಕಡ್ಡಿಯಲ್ಲಿ ರಸ ತೆಗೆದು ಪರೀಕ್ಷೆ ಮಾಡುತ್ತಾರೆ. ಹುಣ್ಣು ಒಣಗಿದ ಮೇಲೆ ಹೋದರೆ ಆ ಪರೀಕ್ಷೆಯಲ್ಲಿ ರೋಗ ಸಿಗದೇ ಹೋಗಬಹುದು. ಸಣ್ಣ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಇರುವುದಿಲ್ಲ. ಆಗ ಡಾಕ್ಟರು ಕಣ್ಣಿಂದ ನೋಡಿಯೇ ಗುಳಿಗೆ ಕೊಡುತ್ತಾರೆ. ನೋಡಲಿಕ್ಕೂ ಹುಣ್ಣು ಇರಬೇಕಲ್ಲ! "ನಾಚಿಕಿ ಬರ್ತದ, ಮಾದ ಮ್ಯಾಲ ಹೋಗ್ತೀನಿ" ಅಂದರೆ ಡಾಕ್ಟರಿಗೂ ತಿಳಿಯುವುದು ಕಷ್ಟ.

ರಕ್ತಪರೀಕ್ಷೆಯೂ ಇದೆ. ಆದರೆ ವೈರಸ್ ತಾಗಿದ ಮೂರು ನಾಲ್ಕು ತಿಂಗಳ ತನಕ ಅದರಲ್ಲಿ ಕಾಣದೇ ಇರಬಹುದು. ಒಮ್ಮೊಮ್ಮೆ ರೋಗ ಇಲ್ಲದವರಿಗೂ ಇದೆ ಎಂದು ಬರುತ್ತದೆ. ಹಾಗಾಗಿ ಏನೂ ತೊಂದರೆ ಇಲ್ಲದವರು ಸುಮ್ಮನೆ ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಗಂಡನಿಗೆ ಹರ್ಪಿಸ್ ಇದೆ ಎಂದು ಗೊತ್ತಾದರೆ ಮಾತ್ರ ಡಾಕ್ಟರನ್ನು ಕೇಳಿ ನಿರ್ಧಾರ ಮಾಡಿ.

ಹುಣ್ಣು ಕಂಡಾಗ ಇನ್ನೆರಡು ಪರೀಕ್ಷೆ ಬಿಡಬಾರದು. ಒಂದು ಸಿಫಿಲಿಸ್, ಅಂದರೆ ಪರಂಗಿ ಹುಣ್ಣು. ಅದರ ಹುಣ್ಣು ಹೆಚ್ಚಾಗಿ ನೋಯುವುದಿಲ್ಲ. ತಾನೇ ಮಾಯುತ್ತದೆ, ಆದರೆ ರೋಗ ಒಳಗೇ ಉಳಿಯುತ್ತದೆ. ಚುಚ್ಚುಮದ್ದಿನಿಂದ ಪೂರಾ ಗುಣವಾಗುತ್ತದೆ. ಇನ್ನೊಂದು ಎಚ್.ಐ.ವಿ. ಪರೀಕ್ಷೆ. ಎರಡನೆಯ ಬಗೆಯ ಹರ್ಪಿಸ್ ಇದ್ದವರಿಗೆ ಎಚ್.ಐ.ವಿ. ತಗಲುವ ಅಪಾಯ ಸುಮಾರು ಮೂರು ಪಟ್ಟು. ಹುಣ್ಣು ಅದಕ್ಕೆ ಬಾಗಿಲು ತೆರೆದಂತೆ. ನಮ್ಮ ಬಾಗಲಕೋಟೆ ಜಿಲ್ಲೆ ಇದರಲ್ಲಿ ನೋವು ಉಂಡಿದೆ. 2003ರಲ್ಲಿ ಇಲ್ಲಿಯ ಮೂರು ತಾಲೂಕುಗಳಲ್ಲಿ ಜನರ ರಕ್ತ ಪರೀಕ್ಷಿಸಿದಾಗ ನೂರರಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಎಚ್.ಐ.ವಿ. ಕಂಡಿತ್ತು. ಹಳ್ಳಿಗಳೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ. ಮನೆಬಿಟ್ಟು ಹೊರಗೆ ಹೋಗದ ಎಷ್ಟೋ ಹೆಣ್ಣುಮಕ್ಕಳಿಗೂ ಬಂದಿತ್ತು. ಮೊದಲ ಎಚ್.ಐ.ವಿ. ಪರೀಕ್ಷೆಯಲ್ಲಿ ಇಲ್ಲ ಎಂದು ಬಂದರೂ ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಎರಡಕ್ಕೂ ದುಡ್ಡಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಕೋಣೆ ಇರುತ್ತದೆ. ಅದು ಇಂಥ ರೋಗಗಳಿಗಾಗಿಯೇ ಇದೆ. ನಿಮ್ಮನ್ನು ಕೇಳದೆ ಎಚ್.ಐ.ವಿ. ಪರೀಕ್ಷೆ ಮಾಡುವಂತಿಲ್ಲ. ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಇದಕ್ಕೆ 2017ರಲ್ಲಿ ಕಾಯ್ದೆ ಆಗಿದೆ. ಹೆಣ್ಣು ಡಾಕ್ಟರು ಬೇಕು ಎಂದು ಕೇಳಿ. ಇಲ್ಲದಿದ್ದರೆ ನರ್ಸಮ್ಮ ಜೊತೆಗಿರಲಿ ಎಂದು ಕೇಳಿ. ಫೋನಿನಲ್ಲಿ ಕೇಳಬೇಕಾದರೆ 1097ಕ್ಕೆ ಮಾಡಿ. ದುಡ್ಡು ಬೀಳುವುದಿಲ್ಲ.

ಗುಳಿಗೆ

ಹರ್ಪಿಸ್ ಗುಳಿಗೆಯ ಹೆಸರು ಅಸೈಕ್ಲೋವಿರ್. ಬೇಗ ಶುರುಮಾಡಿದಷ್ಟೂ ಹುಣ್ಣು ಬೇಗ ಮಾಯುತ್ತದೆ, ನೋವು ಕಡಿಮೆ. ಹೇಳಿದಷ್ಟು ದಿನ ಪೂರಾ ನುಂಗಬೇಕು. ವೈರಸ್ ಮಾತ್ರ ಮೈಯಿಂದ ಪೂರ್ತಿ ಹೋಗುವುದಿಲ್ಲ. ಮತ್ತೆ ಬರಬಹುದು. ಆದರೆ ಮೊದಲ ಸಲದಷ್ಟು ಜೋರು ಇರುವುದಿಲ್ಲ, ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ "ಗುಪ್ತರೋಗ ಬೇರುಸಹಿತ ಗ್ಯಾರಂಟಿ ಗುಣ" ಎಂದು ಚೀಟಿ ಅಂಟಿಸಿರುತ್ತಾರೆ. ಈಗ ನಿಮಗೆ ಓದಲು ಬರುತ್ತದೆ. ಓದಿ, ಮುಂದೆ ನಡೆಯಿರಿ.

ಬಸುರಿಯಾಗಿದ್ದರೆ

ಹರ್ಪಿಸ್ ಇದ್ದವರು ಬಸುರಾಗಬಹುದು, ಆರೋಗ್ಯದ ಕೂಸು ಹೆರಬಹುದು. ಆದರೆ ಡಾಕ್ಟರಿಗೆ ಮೊದಲೇ ಹೇಳಿರಬೇಕು. ಕೊನೆಯ ಮೂರು ತಿಂಗಳಲ್ಲಿ ಹೊಸದಾಗಿ ತಾಗಿದರೆ ಕೂಸಿಗೆ ಅಪಾಯ ಹೆಚ್ಚು. ಹೆರಿಗೆ ಹೊತ್ತಿಗೆ ಹುಣ್ಣು ಇದ್ದರೆ ಆಪರೇಷನ್ ಮಾಡಿ ಕೂಸು ತೆಗೆಯುತ್ತಾರೆ. ಹುಟ್ಟಿದ ಕೂಸಿಗೆ ಈ ವೈರಸ್ ತಾಗಿದರೆ ಜೀವಕ್ಕೇ ಕುತ್ತು. ತುಟಿಯ ಗುಳ್ಳೆಯೂ ಸಣ್ಣದಲ್ಲ. ತುಟಿಯ ಮೇಲೆ ಗುಳ್ಳೆ ಇರುವ ಅಜ್ಜಿಯಾಗಲಿ, ಅತ್ತೆಯಾಗಲಿ, ತಾಯಿಯೇ ಆಗಲಿ, ಎಳೆಗೂಸಿಗೆ ಮುದ್ದು ಕೊಡಬಾರದು.

ಚೀಟಿ

ಆ ದಿನ ಡಾಕ್ಟರ ಮುಂದೆ ಕುಳಿತಾಗ ತಂಗಿಗೆ ಬಾಯೇ ಬರಲಿಲ್ಲ. ನಾವು ಹೇಳಲು ಹೋದೆವು. ಅವಳು ನಮ್ಮ ಕೈ ಹಿಡಿದು ತಡೆದಳು. ಕುಬಸದೊಳಗಿಂದ ಒಂದು ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು. ರಾತ್ರಿ ಬರೆದಿದ್ದಳು. ಡಾಕ್ಟರು ಓದಿದರು. "ನರ್ಸಮ್ಮನ ಕರೀತೀನಿ, ಒಳಗ ಬಾ ತಾಯಿ" ಅಂದರು.

ಅವಳ ಚೀಟಿಯನ್ನು ಅವಳ ಒಪ್ಪಿಗೆಯಿಂದ ಇಲ್ಲಿ ಕೊಟ್ಟಿದ್ದೇವೆ. ಎರಡು ಕಾಗುಣಿತದ ತಪ್ಪು ಮಾತ್ರ ತಿದ್ದಿದ್ದೇವೆ. ಓದಿ. ನಿಮ್ಮ ಪಾಟಿಯ ಮೇಲೆ ಬರೆಯಿರಿ.

ನನಗೆ ಕೆಳಗೆ ಹುಣ್ಣು ಆಗಿದೆ.
ಮೂರು ದಿನ ಆಯಿತು.
ಮೂತ್ರ ಮಾಡಿದರೆ ಉರಿಯುತ್ತದೆ.
ಬಸುರಿ ಇಲ್ಲ.
ಬಾಯಿಂದ ಹೇಳಲು ನಾಚಿಕೆ. ನೋಡಿರಿ.