ಮಾತೇ ಆಡದ ರೋಗಿಯ ಪರವಾಗಿ ಸಹಿ ಯಾರದು?

ಕ್ಯಾಟಟೋನಿಯಾ ಬಂದವರು ಮಾತು ನಿಲ್ಲಿಸುತ್ತಾರೆ, ಊಟ ಬಿಡುತ್ತಾರೆ, ಎತ್ತಿ ಹಿಡಿದ ಕೈಯನ್ನು ಗಂಟೆಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸಲು ಅಲೆಯುವಷ್ಟರಲ್ಲಿ ದೇಹದ ನೀರಿನಂಶ ಇಳಿದಿರುತ್ತದೆ. ಅಲುಗಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ತರಬಹುದು. ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವುದು ಲೋರಾಜೆಪಾಮ್. ಅದಕ್ಕೆ ಬಗ್ಗದಿದ್ದರೆ, ಅಥವಾ ಸ್ಥಿತಿ ಗಂಭೀರವಾಗಿದ್ದರೆ, ಇಸಿಟಿ (ಎಲೆಕ್ಟ್ರೋಕನ್ವಲ್ಸಿವ್ ಥೆರಪಿ). ಜನ 'ಶಾಕ್ ಟ್ರೀಟ್‌ಮೆಂಟ್' ಎಂದು ಹೆದರುವುದು ಇದಕ್ಕೇ. ಈ ಕಾಯಿಲೆಗೆ ಇದರಷ್ಟು ಫಲ ಕೊಡುವ ಚಿಕಿತ್ಸೆಗಳು ಕಡಿಮೆ.

ತೊಡಕಿರುವುದು ಒಪ್ಪಿಗೆಯಲ್ಲಿ. ಜೀವಾಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 94ನೇ ಕಲಂ. ಅದೇ ಕಲಂ, ಈ ಅಧಿಕಾರದಡಿ ಇಸಿಟಿ ಕೊಡುವಂತಿಲ್ಲ ಎಂದೂ ಹೇಳುತ್ತದೆ. ಹಾಗಾಗಿ 'ತುರ್ತಿತ್ತು, ಕೊಟ್ಟುಬಿಟ್ಟೆವು' ಎಂಬ ಮಾತು ಕಾನೂನಿನ ಮುಂದೆ ನಿಲ್ಲದು. ಡ್ರಿಪ್ ಹಾಕಲು, ಲೋರಾಜೆಪಾಮ್ ಚುಚ್ಚಲು ಅಡ್ಡಿಯಿಲ್ಲ. ಆ ಹೊತ್ತಿನಲ್ಲೇ ಮನೆಯವರು ಕಾಗದಪತ್ರದ ಕೆಲಸ ಮುಗಿಸಿಕೊಳ್ಳಬೇಕು.

ದಾರಿ ಇರುವುದು 89ನೇ ಕಲಮಿನಲ್ಲಿ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯದಲ್ಲಿರುವವರನ್ನು ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ರೋಗಿಯನ್ನು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು. ರೋಗಿ ಮುಂಚೆ ಯಾರನ್ನೂ ಹೆಸರಿಸಿಲ್ಲವೇ? ಸಂಬಂಧಿಕರು, ಅವರಿಲ್ಲದಿದ್ದರೆ ಆರೈಕೆ ಮಾಡುವವರು ಪ್ರತಿನಿಧಿಯಾಗುತ್ತಾರೆ. ರೋಗಿ ನಿರ್ಧಾರ ತೆಗೆದುಕೊಳ್ಳುವ ಸ್ಥಿತಿಯಲ್ಲೇ ಇಲ್ಲದಿದ್ದಾಗ ಅವರ ಪರವಾಗಿ ಪ್ರತಿನಿಧಿ ತಾತ್ಕಾಲಿಕವಾಗಿ ಒಪ್ಪಿಗೆ ಕೊಡಬಹುದು.

ಈ 'ತಾತ್ಕಾಲಿಕ'ವನ್ನು ಆಸ್ಪತ್ರೆ, ಮನೆಯವರು ಇಬ್ಬರೂ ಹಗುರವಾಗಿ ನೋಡುತ್ತಾರೆ ಎಂಬುದು ನನ್ನ ತಕರಾರು. ಇಸಿಟಿಯನ್ನು ವಾರಕ್ಕೆ ಎರಡು ಮೂರರಂತೆ ಹಲವು ಬಾರಿ ಕೊಡುತ್ತಾರೆ. ಕೆಲವೇ ಬಾರಿಗೆ ರೋಗಿ ಕಣ್ಣು ಹೊರಳಿಸಿ, ನೀರು ಕೇಳಿ, ಹೆಸರು ಹೇಳುವ ಮಟ್ಟಕ್ಕೆ ಬರಬಹುದು. ರೋಗಿಗೆ ನಿರ್ಧರಿಸುವ ಸಾಮರ್ಥ್ಯ ಮರಳಿದೆಯೇ ಎಂದು ಪ್ರತಿ ಏಳು ದಿನಕ್ಕೊಮ್ಮೆ ಪರಿಶೀಲಿಸಬೇಕೆಂಬುದು ಕಾಯ್ದೆಯ ಅಪ್ಪಣೆ. ಮರಳಿದ್ದರೆ ಉಳಿದ ಚಿಕಿತ್ಸೆಗೆ ಕೇಳಬೇಕಾದದ್ದು ಅವರನ್ನೇ. ಅಪ್ಪ ಮೊದಲ ದಿನ ಹಾಕಿದ ಸಹಿ ಆಗ ಸಾಲದು. ರೋಗಿ ಬೇಡವೆಂದರೆ ಬೇಡ.

ಸಹಿಗೆ ಮುನ್ನ ಏನು ಕೇಳಬೇಕು? ಚಿಕಿತ್ಸೆ ಯಾಕೆ, ನೆನಪಿನ ಮೇಲೆ ಏನು ಪರಿಣಾಮ, ಬೇರೆ ದಾರಿ ಇದೆಯೇ ಎಂಬುದನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು 22ನೇ ಕಲಮಿನ ಹಕ್ಕು. ಇಂಗ್ಲಿಷ್ ಫಾರಂ ಮುಂದಿಟ್ಟು 'ಇಲ್ಲಿ ಸಹಿ ಹಾಕಿ' ಎಂದರೆ ಕನ್ನಡದಲ್ಲಿ ವಿವರಿಸಿ ಎನ್ನಿ, ಸಂಕೋಚ ಬೇಡ. ಮಿದುಳಿನ ಸೋಂಕಿನಿಂದಲೂ ಕ್ಯಾಟಟೋನಿಯಾ ಬರಬಹುದು. ಆ ಪರೀಕ್ಷೆ ಆಗಿದೆಯೇ ಎಂದೂ ವಿಚಾರಿಸಿ.

ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಇಸಿಟಿ ಕೊಡುವುದನ್ನು 95ನೇ ಕಲಂ ಪೂರ್ತಿಯಾಗಿ ನಿಷೇಧಿಸಿದೆ. ಅಪ್ರಾಪ್ತರಿಗೂ ನಿಷೇಧ. ಅವರಿಗೆ ಇಸಿಟಿ ಬೇಕೇ ಬೇಕೆಂದು ಮನೋವೈದ್ಯರಿಗೆ ಅನ್ನಿಸಿದರೆ ಪೋಷಕರ ಒಪ್ಪಿಗೆಯೊಂದೇ ಸಾಲದು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿಯೂ ಬೇಕು. ಹದಿನಾರರ ಹುಡುಗಿ ಅನ್ನ ಬಿಟ್ಟು ಮಲಗಿರುವಾಗ ಮಂಡಳಿಗಾಗಿ ಕಾಯುವುದು ಕಷ್ಟವೇ. ಆದ್ದರಿಂದ ದಾಖಲಾದ ದಿನವೇ ಅರ್ಜಿ ಹೋಗುವಂತೆ ಒತ್ತಾಯಿಸಿ.

ಒಮ್ಮೆ ಈ ಕಾಯಿಲೆ ಅನುಭವಿಸಿ ಗುಣವಾದ ವಯಸ್ಕರು 'ಮತ್ತೆ ಬಂದರೆ ಇಸಿಟಿ ಕೊಡಿ' ಅಥವಾ 'ಕೊಡಬೇಡಿ' ಎಂದು ಮುಂಗಡ ನಿರ್ದೇಶನ ಬರೆದಿಡಬಹುದು. ಮನೆಯವರಿಗೋ ವೈದ್ಯರಿಗೋ ಅದು ಒಪ್ಪಿಗೆಯಾಗದಿದ್ದರೆ ಮಂಡಳಿಯ ಮೊರೆ ಹೋಗಬೇಕೇ ಹೊರತು ಬದಿಗಿಡುವಂತಿಲ್ಲ.

ಮಂಡಳಿಗೆ ಅರ್ಜಿ ಸಲ್ಲಿಸಲು ಶುಲ್ಕವಿಲ್ಲ. ಅದರ ಆದೇಶದ ವಿರುದ್ಧ 30 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಉಚಿತ ವಕೀಲರಿಗೆ ಕಾನೂನು ಸೇವೆಗಳ ಸಹಾಯವಾಣಿ 15100. ಎಲ್ಲಿಗೆ ಕರೆದೊಯ್ಯಬೇಕೆಂದೇ ತೋಚದವರಿಗೆ ಟೆಲಿ ಮಾನಸ್ 14416.