ಮರಳಿ ಸೈಕಲ್ಲೇರುವವರಿಗೆ

ಒಮ್ಮೆ ಕಲಿತ ಸೈಕಲ್ ಸವಾರಿ ಜನ್ಮವಿಡೀ ಮರೆಯುವುದಿಲ್ಲವೆಂದು ಹಿರಿಯರು ಹೇಳುವುದುಂಟು. ಕಾಲು ಮರೆಯುವುದಿಲ್ಲವೆಂಬುದು ದಿಟ. ಆದರೆ ಧೈರ್ಯ ಮರೆತುಹೋಗುತ್ತದೆ. ನಾಲ್ಕು ವರ್ಷ ಸೈಕಲ್ಲಿನ ಕಡೆ ತಿರುಗಿಯೂ ನೋಡದೆ ಇದ್ದು, ಈ ವರ್ಷ ಅನಿವಾರ್ಯವಾಗಿ ಒಂದನ್ನು ಕೊಳ್ಳಬೇಕಾಗಿ ಬಂದಾಗ ನಾನು ಪಟ್ಟ ಪಾಡನ್ನೂ ಕಲಿತ ನಾಲ್ಕು ಮಾತನ್ನೂ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಅಧ್ಯಾಪಕವರ್ಗದವರು ಓದಿ ತಪ್ಪು ಕಂಡಲ್ಲಿ ತಿದ್ದಬೇಕೆಂದು ವಿನಂತಿ. ನಾನು ಕಲಾ ವಿಭಾಗದ ವಿದ್ಯಾರ್ಥಿನಿ. ವಿಜ್ಞಾನದ ಪುಸ್ತಕವನ್ನು ಹತ್ತನೆಯ ತರಗತಿಯಲ್ಲೇ ಮುಚ್ಚಿಟ್ಟವಳು.

ನಮ್ಮೂರು ನ್ಯಾಮತಿ ತಾಲ್ಲೂಕಿನ ಗೋವಿನಕೋವಿ. ಮನೆ ಊರೊಳಗಿಲ್ಲ, ತೋಟದಲ್ಲಿದೆ. ತೋಟದಿಂದ ಬಸ್ಸು ನಿಲ್ಲುವ ಜಾಗಕ್ಕೆ ಮೂರು ಕಿಲೋಮೀಟರು ಬಂಡಿಯ ಜಾಡು. ನಡುವೆ ಒಂದು ಹಳ್ಳ. ಹಳ್ಳಕ್ಕೆ ಈಚೆಯಿಂದ ಕಡಿದಾದ ಇಳಿಜಾರು, ಆಚೆಗೆ ಅಷ್ಟೇ ಕಡಿದಾದ ಏರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಹೋಯಿತು, ಬಸ್ಸು ತಪ್ಪುವ ಚಿಂತೆ ಹೋಗಲಿಲ್ಲ. ಹಾಲು ಕರೆದು ಡೈರಿಗೆ ಹಾಕಿ ನಾನು ಹೊರಡುವಷ್ಟರಲ್ಲಿ ಹೊತ್ತು ಏರಿರುತ್ತದೆ. ನಡೆದು ಹೋದರೆ ಮುಕ್ಕಾಲು ಗಂಟೆ. ಬಸ್ಸು ತಪ್ಪಿದರೆ ಮೊದಲ ಪಿರಿಯಡ್ಡು ತಪ್ಪಿತು. ಕಳೆದ ಸೆಮಿಸ್ಟರಿನಲ್ಲಿ ಮೊದಲ ಪಿರಿಯಡ್ಡಿನ ವಿಷಯದಲ್ಲಿ ನನ್ನ ಹಾಜರಿ ಶೇಕಡಾ 75ರ ಗೆರೆಯನ್ನು ಎರಡೇ ಎರಡು ತರಗತಿಗಳ ಅಂತರದಲ್ಲಿ ದಾಟಿತು. ಆ ವಿಷಯ ಅರ್ಥಶಾಸ್ತ್ರ. ಅದರಲ್ಲಿ ‘ಅವಕಾಶ ವೆಚ್ಚ’ವೆಂಬ ಪಾಠವನ್ನು ಮಾಡಿದ ದಿನವೂ ನಾನು ಹಳ್ಳದ ಏರಿನಲ್ಲೇ ಇದ್ದೆ.

ಹಾಗಾದರೆ ಮೊದಲೇ ಸೈಕಲ್ಲು ಏಕೆ ಇರಲಿಲ್ಲ? ಇತ್ತು. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆ 2006-07ರಲ್ಲಿ ಆರಂಭವಾಗಿ 2019-20ರ ತರುವಾಯ ನಿಂತುಹೋಯಿತು. ಅದರ ಕೊನೆಯ ಪಂಕ್ತಿಯಲ್ಲಿ ಉಂಡವಳು ನಾನು. ಎರಡು ವರ್ಷ ಅದು ನನ್ನನ್ನು ಹೊತ್ತು ತಿರುಗಿತು. 2021ರ ಮಳೆಗಾಲದ ಕೊನೆಯಲ್ಲಿ ಒಂದು ದಿನ ಹಳ್ಳದ ಇಳಿಜಾರಿನಲ್ಲಿ ಬ್ರೇಕು ಹಿಡಿದೆ, ಹಿಡಿಯಲಿಲ್ಲ. ತಪ್ಪು ಸೈಕಲ್ಲಿನದಲ್ಲ, ನನ್ನದು. ಬ್ರೇಕಿನ ರಬ್ಬರು ಸವೆದು ಹಲಗೆಯಾಗಿದ್ದುದನ್ನು ನೋಡಿಯೂ ನೋಡದಂತಿದ್ದೆ. ಮೊಣಕೈ ಮುರಿಯಿತು. ಅವ್ವ ಸೈಕಲ್ಲನ್ನು ಗುಜರಿಯವನಿಗೆ ಹಾಕಿದಳು. ನಾನು ಬೇಡವೆನ್ನಲಿಲ್ಲ.

ಈ ಸಲ ಕೈಯಲ್ಲಿದ್ದುದು ಒಂಬತ್ತು ಸಾವಿರ ರೂಪಾಯಿ. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಕುಳಿತು ಸುಲಿದು ಕೂಡಿಟ್ಟದ್ದು. ನಮ್ಮ ಜಾಡಿನ ಕಲ್ಲಿಗೂ ಕೆಸರಿಗೂ ಸಾಮಾನ್ಯ ಸೈಕಲ್ಲಿನ ತೆಳುವಾದ ಟೈರು ತಕ್ಕುದಲ್ಲವಾದ್ದರಿಂದ, ಜನರು ‘ಗೇರ್ ಸೈಕಲ್ಲು’ ಎಂದು ಕರೆಯುವ ಮೌಂಟನ್ ಬೈಕನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದೆ. ಪೇಟೆಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ನನ್ನನ್ನು ನೋಡಿದೊಡನೆಯೇ ಮುಂದೊಂದು ಹಿಂದೊಂದು ಸ್ಪ್ರಿಂಗು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು, ಇಪ್ಪತ್ತೊಂದು ಗೇರು, ಹಸಿರು ಮಿಂಚಿನ ಬಣ್ಣ ಇರುವ ಒಂದನ್ನು ಮುಂದಕ್ಕೆ ತಳ್ಳಿದರು. ‘ನೋಡವ್ವ, ಬುಲೆಟ್ಟಿಗೂ ಇಷ್ಟು ಶಾಕಿಲ್ಲ. ಹನ್ನೊಂದೂವರೆ ಸಾವಿರ. ನಿನಗಂತ ಹನ್ನೊಂದು.’ ನೋಡಲು ರಥದಂತಿತ್ತು. ಎತ್ತಿ ನೋಡಿದೆ, ಏಳಲಿಲ್ಲ. ತೂಗಿಸಿದರೆ ಹತ್ತೊಂಬತ್ತು ಕಿಲೋ.

ಇಲ್ಲಿ ಸ್ವಲ್ಪ ಚರಿತ್ರೆಯನ್ನು ಹೇಳುವುದು ಅವಶ್ಯ. ಮೌಂಟನ್ ಬೈಕು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಟಮಲ್‌ಪೈಸ್ ಎಂಬ ಬೆಟ್ಟದ ಮಗ್ಗುಲಲ್ಲಿ. 1970ರ ದಶಕದಲ್ಲಿ ಅಲ್ಲಿಯ ಯುವಕರು ಗುಜರಿಗೆ ಬಿದ್ದಿದ್ದ, ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ರಿಪೇರಿಮಾಡಿ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. 1976ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಗಾಲಿಯ ಗುಂಬದೊಳಗೆ ಇತ್ತು. ಒಂದೇ ಇಳಿತಕ್ಕೆ ಅದು ಕಾದು ಒಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಕೆಳಗೆ ಬಂದವರು ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಅದರಿಂದ ಈ ಹೆಸರು. 1977ರಲ್ಲಿ ಜೋ ಬ್ರೀಜ್ ಎಂಬಾತ ಇದಕ್ಕೆಂದೇ ಹೊಸ ಫ್ರೇಮನ್ನು ಕಟ್ಟಿದ. 1979ರಲ್ಲಿ ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಎಂಬವರು ಇಂಥವನ್ನು ಮಾರಲು ತೊಡಗಿದರು. 1996ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಇದರ ಪಂದ್ಯವೂ ಸೇರಿತು. ಗಮನಿಸಬೇಕಾದ ಅಂಶವೇನೆಂದರೆ, ಮುಂದಿನ ಫೋರ್ಕಿಗೆ ಸ್ಪ್ರಿಂಗು ಬಳಕೆಗೆ ಬಂದದ್ದು 1990ರ ಸುಮಾರಿಗೆ. ಅಲ್ಲಿಯವರೆಗೆ ಬೆಟ್ಟವಿಳಿದವರೆಲ್ಲ ಸ್ಪ್ರಿಂಗಿಲ್ಲದೆಯೇ ಇಳಿದರು. ಅವರು ತಲೆಕೆಡಿಸಿಕೊಂಡದ್ದು ದಪ್ಪ ಟೈರು, ಹಿಡಿಯುವ ಬ್ರೇಕು, ಏರಿಗೆ ಹಗುರವಾದ ಗೇರು, ಇಷ್ಟರ ಬಗ್ಗೆ.

ಸ್ಪ್ರಿಂಗು ಕೆಟ್ಟದ್ದೆಂದು ನನ್ನ ವಾದವಲ್ಲ. ಒಳ್ಳೆಯ ಶಾಕಿನೊಳಗೆ ಸ್ಪ್ರಿಂಗು ಒತ್ತಿದ ಮೇಲೆ ಮೆಲ್ಲಗೆ ಹಿಂದಿರುಗುವಂತೆ ಎಣ್ಣೆಯ ತಡೆ ಇರುತ್ತದೆ. ಅಂಥ ಶಾಕೊಂದರ ಬೆಲೆಗೆ ನನ್ನಂಥವಳ ಇಡೀ ಸೈಕಲ್ಲು ಬರುತ್ತದೆ. ಅಗ್ಗದ ಶಾಕಿನಲ್ಲಿ ಬರಿಯ ಸ್ಪ್ರಿಂಗು. ಕಲ್ಲಿನ ಮೇಲೆ ಹೋದರೆ ಕೋಲುಕುದುರೆಯಂತೆ ಪುಟಿಯುತ್ತದೆ. ಹಿಂದಿನ ಸ್ಪ್ರಿಂಗಂತೂ ಏರಿನಲ್ಲಿ ನಾವು ಪೆಡಲ್ಲಿಗೆ ಹಾಕಿದ ಬಲವನ್ನು ತಾನೇ ಅರ್ಧ ನುಂಗಿ ಕುಳಿತುಕೊಳ್ಳುತ್ತದೆ. ಬೆಲೆ ಒಂದೇ ಆಗಿದ್ದಾಗ, ಸ್ಪ್ರಿಂಗಿಗೆ ಹೋದ ಹಣವನ್ನು ಬ್ರೇಕಿನಿಂದಲೋ ಬೇರಿಂಗಿನಿಂದಲೋ ಕಿತ್ತಿರಲೇಬೇಕು. ಅರ್ಥಶಾಸ್ತ್ರದ ತಪ್ಪಿದ ಪಾಠ ನನಗೆ ಅಂಗಡಿಯಲ್ಲಿ ದೊರೆಯಿತು.

ಇನ್ನು ಗೇರು. ‘ಇಪ್ಪತ್ತೊಂದು’ ಎಂಬ ಸಂಖ್ಯೆಗೆ ಮರುಳಾಗಬಾರದು, ಹಲ್ಲುಗಳನ್ನು ಎಣಿಸಬೇಕು. ಮನೆಯಲ್ಲಿ ಅಜ್ಜನ ಹಳೆಯ ಅಟ್ಲಾಸ್ ಸೈಕಲ್ಲು ಗೋಡೆಗೊರಗಿದೆ. ಅದರ ಮುಂದಿನ ಹಲ್ಲುಗಾಲಿಗೆ 44 ಹಲ್ಲು, ಹಿಂದಿನದಕ್ಕೆ 18. ಅಂದರೆ ಪೆಡಲ್ಲು ಒಂದು ಸುತ್ತು ತಿರುಗಿದರೆ ಗಾಲಿ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗಿ ಸೈಕಲ್ಲು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತದೆ. ಸಮನಾದ ರಸ್ತೆಗೆ ಇದು ಸೊಗಸು. ಹಳ್ಳದ ಏರಿಗೆ ಎದೆಯೊಡೆಯುವ ಕೆಲಸ. ಗೇರ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮುಂದೆ 42, 34, 24 ಹಲ್ಲಿನ ಮೂರು ಗಾಲಿ; ಹಿಂದೆ 14ರಿಂದ 28ರವರೆಗೆ ಏಳು. ಮುಂದೆ 24, ಹಿಂದೆ 28 ಹಾಕಿದರೆ ಒಂದು ಸುತ್ತಿಗೆ ಒಂದೂಮುಕ್ಕಾಲು ಮೀಟರು ಮಾತ್ರ ಸಾಗುತ್ತದೆ. ಸಾಗುವುದು ಕಡಿಮೆ, ಕಾಲಿಗೆ ಹೊರೆಯೂ ಅಷ್ಟೇ ಕಡಿಮೆ. ಈ ಒಂದು ಗೇರು ನಮಗೆ ಬೇಕಾದದ್ದು. ಉಳಿದವುಗಳಲ್ಲಿ ಎಷ್ಟೋ ಒಂದರ ನೆರಳು ಇನ್ನೊಂದು. ಮುಂದೆ 42, ಹಿಂದೆ 28 ಹಾಕಿದರೂ ಮುಂದೆ 24, ಹಿಂದೆ 16 ಹಾಕಿದರೂ ಬರುವ ಪ್ರಮಾಣ ಒಂದೂವರೆಯೇ. ನಾನು ಅಂಗಡಿಯ ನೆಲದ ಮೇಲೆ ಕುಳಿತು, ಸೀಮೆಸುಣ್ಣದಿಂದ ಒಂದು ಹಲ್ಲಿಗೆ ಗುರುತು ಮಾಡಿ ಎಣಿಸುತ್ತಿರುವಾಗ ಅಂಗಡಿಯವರು, ‘ಇಲ್ಲಿಯವರೆಗೆ ಹಲ್ಲೆಣಿಸಿ ಎತ್ತು ಕೊಂಡವರನ್ನು ನೋಡಿದ್ದೆ ಕಣವ್ವ’ ಎಂದರು.

ಬ್ರೇಕಿನ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ನನ್ನ ಮೊಣಕೈ ಇನ್ನೂ ಪೂರ್ತಿ ನೆಟ್ಟಗಾಗುವುದಿಲ್ಲ. ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಜಾರುತ್ತದೆ. ಅಲ್ಯೂಮಿನಿಯಂ ರಿಮ್ಮಾದರೆ ಒದ್ದೆಯಲ್ಲೂ ಸಾಕಷ್ಟು ಹಿಡಿಯುತ್ತದೆ. ಅಯಸ್ಕಾಂತವನ್ನು ತಾಕಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ, ಕಚ್ಚಿಕೊಂಡರೆ ಉಕ್ಕು. ಡಿಸ್ಕ್ ಬ್ರೇಕು ಕೆಸರಿನಲ್ಲೂ ಕೆಲಸ ಮಾಡುತ್ತದೆ, ಗಾಲಿ ಸ್ವಲ್ಪ ಸೊಟ್ಟಗಾದರೂ ಅದಕ್ಕೆ ಬಾಧಕವಿಲ್ಲ. ಆದರೆ ಅಗ್ಗದ ಡಿಸ್ಕಿನ ತಟ್ಟೆ ಒಂದು ಪೆಟ್ಟಿಗೆ ಬಾಗಿ ಸದಾ ಉಜ್ಜುತ್ತಿರುತ್ತದೆ. ಅದರ ಬಿಲ್ಲೆ ಸವೆದರೆ ನಮ್ಮೂರಲ್ಲಿ ಸಿಗುವುದಿಲ್ಲ. ಎರಡು ತೋಳುಗಳು ರಿಮ್ಮನ್ನು ಅಮುಕುವ ವಿ-ಬ್ರೇಕಿನ ರಬ್ಬರಾದರೋ ಸಂತೆಯ ದಿನ ಯಾರ ಕೈಯಲ್ಲಾದರೂ ತರಿಸಬಹುದು. ನಾನು ವಿ-ಬ್ರೇಕನ್ನು ಆರಿಸಿದ್ದು ಈ ಕಾರಣಕ್ಕೆ. ಪೇಟೆಯಲ್ಲಿರುವವರು ಡಿಸ್ಕನ್ನು ಆರಿಸಿದರೆ ನನ್ನ ತಕರಾರಿಲ್ಲ.

ಅಳತೆಯನ್ನು ಹಲವರು ಕಡೆಗೆ ನೋಡುತ್ತಾರೆ. ಮೊದಲು ನೋಡತಕ್ಕದ್ದು ಅದು. ಕಂಬಿಯ ಮೇಲೆ ಕಾಲು ಚಾಚಿ ನೆಲದ ಮೇಲೆ ನಿಂತಾಗ ಕಂಬಿಗೂ ದೇಹಕ್ಕೂ ನಡುವೆ ನಾಲ್ಕು ಬೆರಳಷ್ಟಾದರೂ ತೆರಪಿರಬೇಕು. ಗೋಡೆಗೆ ಬೆನ್ನು ಕೊಟ್ಟು, ರಟ್ಟಿನ ಪುಸ್ತಕವೊಂದನ್ನು ಕಾಲುಗಳ ಸಂದಿಗೆ ಏರಿಸಿ ಹಿಡಿದು ಅದರಿಂದ ನೆಲದವರೆಗಿನ ಎತ್ತರವನ್ನು ಅಳೆದು 0.883ರಿಂದ ಗುಣಿಸಿದರೆ ಪೆಡಲ್ಲಿನ ಅಚ್ಚಿನ ನಡುವಿನಿಂದ ಸೀಟಿನ ನೆತ್ತಿಗೆ ಇರಬೇಕಾದ ದೂರ ಬರುತ್ತದೆ. ನನ್ನದು 74 ಸೆಂಟಿಮೀಟರು. ಲೆಕ್ಕಕ್ಕೆ 65 ಬಂತು. ಆದರೆ ಬಹುಕಾಲದ ಮೇಲೆ ಏರುವವರು ಮೊದಲ ಎರಡು ವಾರ ಸೀಟನ್ನು ಇದಕ್ಕಿಂತ ಮೂರು ಬೆರಳು ಇಳಿಸಿಕೊಳ್ಳುವುದು ಮೇಲು. ಕಾಲು ನೆಲಕ್ಕೆ ಎಟಕುತ್ತದೆಂಬ ಒಂದು ಭರವಸೆ ಯಾವ ಶಾಕಿಗಿಂತಲೂ ದೊಡ್ಡದು. ಮೊಣಕಾಲು ನೋಯತೊಡಗಿದಾಗ ಏರಿಸಿದರಾಯಿತು.

ಟೈರಿನಲ್ಲಿ ಒಂದು ಮೋಸವಿದೆ; ಅದು ಯಾರೂ ಮಾಡಿದ ಮೋಸವಲ್ಲ, ಇಂಚಿನದು. 26 × 1⅜ ಎಂದು ಬರೆದ ಟೈರೂ 26 × 1.95 ಎಂದು ಬರೆದ ಟೈರೂ ಒಂದೇ ಗಾಲಿಗೆ ಕೂರುವುದಿಲ್ಲ. ಮೊದಲನೆಯದರ ಒಳ ಅಂಚಿನ ವ್ಯಾಸ 590 ಮಿಲಿಮೀಟರು, ಎರಡನೆಯದರದು 559. ಟೈರಿನ ಮಗ್ಗುಲಲ್ಲಿ 50-559 ಎಂಬಂತೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇಂದು ಅಂಗಡಿಗಳಲ್ಲಿ 27.5 ಮತ್ತು 29 ಇಂಚಿನವೂ ಇವೆ. ದೊಡ್ಡ ಗಾಲಿ ಕಲ್ಲನ್ನು ಸುಲಭವಾಗಿ ದಾಟುತ್ತದೆ. ಆದರೆ ನನ್ನ ಎತ್ತರದವರಿಗೆ 26 ಸಾಕು, ಹಳ್ಳಿಯ ಅಂಗಡಿಯಲ್ಲಿ ಟ್ಯೂಬು ಸಿಗುವುದೂ ಅದಕ್ಕೇ. ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬಬಾರದು. ನನ್ನಂಥ ಹಗುರದವರಿಗೆ ಮೂವತ್ತೈದರಿಂದ ನಲವತ್ತು ಪೌಂಡು ಸಾಕು. ಬಡವರ ಶಾಕು ಟೈರಿನೊಳಗಿನ ಗಾಳಿಯೇ.

ಅಂಗಡಿಯಿಂದ ನಾನು ಬರಿಗೈಯಲ್ಲಿ ಹಿಂದಿರುಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದ್ದರೂ, ನಾನು ಬಯಸಿದ್ದು ಹೊಸದಾಗಿ ನನ್ನ ಕೈಗೆಟುಕಲಿಲ್ಲ. ವರ್ಗವಾಗಿ ಹೋಗುತ್ತಿದ್ದ ನೌಕರರೊಬ್ಬರ ಮನೆಯಲ್ಲಿ ಒಂದು ಹಳೆಯದು ಇದೆಯೆಂದು ಗೆಳತಿಯಿಂದ ತಿಳಿಯಿತು. ಸ್ಪ್ರಿಂಗಿಲ್ಲದ ಉಕ್ಕಿನ ಫೋರ್ಕು, ಅಲ್ಯೂಮಿನಿಯಂ ರಿಮ್ಮು, ವಿ-ಬ್ರೇಕು, ಮೇಲೆ ಹೇಳಿದ ಹಲ್ಲುಗಳು. ಬಣ್ಣ ಮಾತ್ರ ಸಗಣಿಯದು. ಹಳೆಯದನ್ನು ಕೊಳ್ಳುವಾಗ ವಿದ್ಯಾರ್ಥಿಯ ಚೀಲದಲ್ಲಿರುವ ಒಂದು ಅಡಿಯ ಅಳತೆಪಟ್ಟಿಯೇ ಆಯುಧ. ಚೈನಿನ ಒಂದು ಗುಬುಟಿನಿಂದ ಇಪ್ಪತ್ತನಾಲ್ಕನೆಯ ಗುಬುಟಿನವರೆಗೆ ಸರಿಯಾಗಿ 12 ಇಂಚಿರಬೇಕು (ಮೊದಲಿನದನ್ನು ಸೊನ್ನೆಯೆಂದು ಎಣಿಸಿ). ಇಂಚಿನ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಬೇಕು. ಎಂಟನೆಯ ಒಂದು ಭಾಗವಾದರೆ ಹಿಂದಿನ ಹಲ್ಲುಗಾಲಿಗಳೂ ಸವೆದಿರುತ್ತವೆ. ಮುಂದಿನ ಬ್ರೇಕನ್ನು ಹಿಡಿದು ಸೈಕಲ್ಲನ್ನು ಹಿಂದೆಮುಂದೆ ಅಲುಗಿಸಿದಾಗ ಹ್ಯಾಂಡಲ್ಲಿನ ಬುಡದಲ್ಲಿ ‘ಟಕ್’ ಎನ್ನಬಾರದು. ಪೆಡಲ್ಲಿನ ತೋಳನ್ನು ಅಡ್ಡಡ್ಡಕ್ಕೆ ಎಳೆದರೆ ಅಲುಗಬಾರದು. ಫ್ರೇಮಿನ ಬೆಸುಗೆಗಳ ಪಕ್ಕ ಬಣ್ಣ ಕೂದಲೆಳೆಯಂತೆ ಬಿರಿದಿದ್ದರೆ ಕೈಮುಗಿದು ಹೊರಟುಬಿಡಬೇಕು. ಕೊಂಡಾಗಿನ ಬಿಲ್ಲನ್ನು ಕೇಳಿ, ಪೆಡಲ್ಲಿನ ಅಚ್ಚಿನ ಕೆಳಗೆ ಕೊರೆದಿರುವ ನಂಬರಿನೊಡನೆ ಹೋಲಿಸಿ. ನನ್ನದರ ಚೈನು ಸವೆದಿತ್ತು. ಅದನ್ನು ಅಳತೆಪಟ್ಟಿಯಿಂದ ತೋರಿಸಿದ್ದಕ್ಕೆ ಏಳು ಸಾವಿರ ಎಂದವರು ಆರೂವರೆಗೆ ಒಪ್ಪಿದರು. ಚೈನು, ಬ್ರೇಕಿನ ರಬ್ಬರು, ತಂತಿ, ಒಂದು ಹೊಸ ಟೈರು ಸೇರಿ ಸಾವಿರದ ನಾನೂರು. ಉಳಿದುದರಲ್ಲಿ ಹೆಲ್ಮೆಟ್ಟು, ಬೀಗ.

ಪಂಪು ಕೊಳ್ಳಲು ಹಣ ಸಾಲಲಿಲ್ಲ. ಸಾಲಬೇಕಿತ್ತು. ಗೇರ್ ಸೈಕಲ್ಲಿನ ಟ್ಯೂಬಿಗೆ ಮೋಟಾರ್ ಸೈಕಲ್ಲಿನಂಥ ವಾಲ್ವು. ನಮ್ಮ ಹಳೆಯ ಸೈಕಲ್ ಪಂಪುಗಳ ಬಾಯಿ ಅದಕ್ಕೆ ಕೂರುವುದಿಲ್ಲ. ಮೂರನೆಯ ದಿನವೇ ಜಾಲಿಮುಳ್ಳು ಚುಚ್ಚಿತು. ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯ ಅಜ್ಜ ಕಂಪ್ರೆಸರಿನ ನಳಿಕೆಯನ್ನು ಚುಚ್ಚಿ, ‘ಇದು ಸೈಕಲ್ಲಾ, ಬೈಕಾ, ಮೊದಲು ಹೇಳು ತಾಯಿ, ರೇಟು ಬೇರೆ ಬೇರೆ’ ಎಂದ. ಸೈಕಲ್ಲಿನ ರೇಟನ್ನೇ ತೆಗೆದುಕೊಂಡ. ಈಗ ಬಸ್ಸೇರುವ ಮುನ್ನ ಸೈಕಲ್ಲನ್ನು ಅವನ ಅಂಗಡಿಯ ಕಂಬಕ್ಕೆ ಕಟ್ಟಿ ಬರುತ್ತೇನೆ.

ಮೊದಲ ಸಲ ಹಳ್ಳದ ಇಳಿಜಾರಿನ ನೆತ್ತಿಗೆ ಬಂದಾಗ ಇಳಿದು ತಳ್ಳಿಕೊಂಡು ಹೋದೆ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಅರ್ಧದವರೆಗೆ ತಳ್ಳಿ, ಅಲ್ಲಿಂದ ಏರಿ, ಎರಡು ಬ್ರೇಕನ್ನೂ ಮೆಲ್ಲಗೆ ಹಿಡಿದು ನೀರಿನ ಅಂಚಿಗೆ ಹೋಗಿ ನಿಂತೆ. ನಿಂತಿತು. ವಾರದ ಮೇಲೆ ಸಣ್ಣ ಮಳೆಯಾಗಿದ್ದಾಗ ನೆತ್ತಿಯಿಂದಲೇ ಇಳಿದೆ. ಆಚೆಯ ಏರಿನಲ್ಲಿ 24ಕ್ಕೆ 28 ಹಾಕಿ, ಒಂದು ಸುತ್ತಿಗೆ ಒಂದೂಮುಕ್ಕಾಲು ಮೀಟರಿನಂತೆ ಏರುತ್ತಿರುವಾಗ ನೀರು ಕುಡಿದು ಮೇಲೆ ಬಂದ ಎಮ್ಮೆಯೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ಆದರೂ ಕಾಲು ನೆಲಕ್ಕೆ ಊರಲಿಲ್ಲ. ಮನೆಯಿಂದ ಬಸ್ಸಿಗೆ ಹದಿನೈದು ನಿಮಿಷ. ಈ ಸೆಮಿಸ್ಟರಿನಲ್ಲಿ ಮೊದಲ ಪಿರಿಯಡ್ಡು ಇದುವರೆಗೆ ತಪ್ಪಿರುವುದು ಒಂದೇ ದಿನ, ಅದೂ ಜ್ವರದಿಂದ.

ಸೈಕಲ್ಲನ್ನು ಗುಜರಿಗೆ ಹಾಕಿದ ಅವ್ವ ಮೊದಲ ವಾರ ಮಾತಾಡಲಿಲ್ಲ. ಈಗ ಹಾಲಿನ ಕ್ಯಾನು ಕಟ್ಟಲು ಹಿಂದೆ ಕ್ಯಾರಿಯರು ಯಾವಾಗ ಹಾಕಿಸುತ್ತೀಯೆಂದು ಕೇಳುತ್ತಿದ್ದಾಳೆ. ಕ್ಯಾರಿಯರಿಗೆ ಹಿಂದಿನ ಅಚ್ಚಿನ ಹತ್ತಿರ ಫ್ರೇಮಿನಲ್ಲಿ ಎರಡು ಸಣ್ಣ ತೂತುಗಳಿರಬೇಕು. ನನ್ನದರಲ್ಲಿಲ್ಲ. ಹಲ್ಲುಗಳನ್ನೆಲ್ಲ ಎಣಿಸಿದವಳು ಅದೊಂದನ್ನು ನೋಡಲಿಲ್ಲ. ನೀವು ಕೊಳ್ಳುವಾಗ ನೋಡಿಕೊಳ್ಳಿ.