ಎರಡು ಸಹಿಗಳ ಕಾಗದ

ಮಹಾರಾಷ್ಟ್ರದಲ್ಲಿ ಕರ್ನಾಟಕದ ಗಡಿಯ ಬಳಿಯಿರುವ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಆಶಾ ಕಾರ್ಯಕರ್ತೆಯರು, ಗುತ್ತಿಗೆ ನರ್ಸ್‌ಗಳು, ತಾಸಿನ ಲೆಕ್ಕದಲ್ಲಿ ಪಾಠ ಹೇಳುವ ಸಿ.ಎಚ್.ಬಿ. ಅಧ್ಯಾಪಕರು ನಡೆಸಿದ ಹೋರಾಟಗಳನ್ನು ಹತ್ತಿರದಿಂದ ನೋಡುತ್ತ ಬಂದ ನನಗೆ ಒಂದು ಮಾತು ಖಾತ್ರಿಯಾಗಿದೆ. ಸಂಪು ಹೂಡುವುದು ನಮಗೆ ಚೆನ್ನಾಗಿ ಬರುತ್ತದೆ, ಅದನ್ನು ಎಲ್ಲಿಗೆ ತಂದು ಮುಗಿಸಬೇಕೆಂಬುದು ಇನ್ನೂ ಬಂದಿಲ್ಲ. ಸಚಿವರು ಟಿವಿಯಲ್ಲಿ ಇಂತಿಷ್ಟು ಹೆಚ್ಚಳ ಎಂದರೆ ಗುಲಾಲು ಹಾರಿಸಿ ಪೆಂಡಾಲು ಬಿಚ್ಚುತ್ತೇವೆ. ಆದರೆ ಘೋಷಣೆ ಒಬ್ಬರ ಬಾಯಿಂದ ಬಂದದ್ದು, ಆಮೇಲೆ ಹೊರಡುವ ಸರ್ಕಾರಿ ಆದೇಶ, ಅಂದರೆ ಜಿ.ಆರ್. ಕೂಡ ಒಬ್ಬರ ಸಹಿಯದ್ದು. ಒಬ್ಬರು ಕೊಟ್ಟದ್ದನ್ನು ಆ ಒಬ್ಬರೇ ತಡೆಯಬಹುದು, ತಗ್ಗಿಸಬಹುದು, ಸುಮ್ಮನೆ ಮರೆತೂ ಬಿಡಬಹುದು. ಎರಡೂ ಕಡೆಯವರು ಕೂತು ಚರ್ಚಿಸಿ, ಎರಡೂ ಕಡೆಯವರು ಸಹಿ ಹಾಕಿದ, ಎಲ್ಲಿಂದ ಎಲ್ಲಿಯವರೆಗೆ ಎಂದು ಅವಧಿ ಬರೆದ ಒಪ್ಪಂದ ಕೈಗೆ ಸಿಗುವ ತನಕ ಗೆದ್ದೆವು ಎನ್ನಬಾರದು ಎಂಬುದು ನನ್ನ ವಾದ.

ಇದಕ್ಕೆ ಮಹಾರಾಷ್ಟ್ರದ ಆಶಾ ಹೋರಾಟವೇ ಸಾಕ್ಷಿ. ರಾಜ್ಯದಲ್ಲಿ ಸುಮಾರು 70 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಕೋವಿಡ್ ಇನ್ನೂ ಇಳಿಯದಿದ್ದ 2021ರ ಜೂನ್‌ನಲ್ಲಿ ಅವರು ಸಂಪು ಹೂಡಿದಾಗ ಸಿಕ್ಕಿದ್ದು 1,000 ರೂಪಾಯಿ ಮಾನಧನ ಹೆಚ್ಚಳ ಮತ್ತು 500 ರೂಪಾಯಿ ಕೋವಿಡ್ ಭತ್ತೆ. 2023ರ ಅಕ್ಟೋಬರ್ 18ರಿಂದ ಮತ್ತೆ ಸಂಪು ನಡೆಯಿತು. ನವೆಂಬರ್‌ನಲ್ಲಿ ಸರ್ಕಾರ 7,000 ರೂಪಾಯಿ ಹೆಚ್ಚಿಸುತ್ತೇವೆ ಎಂದಿತು, ಹೆಣ್ಣುಮಕ್ಕಳು ದೀಪಾವಳಿಯ ಹೊತ್ತಿಗೆ ಕೆಲಸಕ್ಕೆ ಮರಳಿದರು. ಜಿ.ಆರ್. ಮಾತ್ರ ಹೊರಡಲಿಲ್ಲ. ಆಗಿನ ಆರೋಗ್ಯ ಸಚಿವರು ಉಮರ್ಗಾ ಇರುವ ಧಾರಾಶಿವ ಜಿಲ್ಲೆಯಿಂದಲೇ ಆರಿಸಿ ಬಂದವರು. ನಮ್ಮ ಭಾಗದ ನಾಯಕನ ಮಾತು ಎಂಬ ನಂಬಿಕೆ ಒಂದು ಕಾಗದಕ್ಕೆ ಸಮನಾಗಲಿಲ್ಲ. 2024ರ ಜನವರಿ 12ರಿಂದ ಎರಡನೇ ಸಲ ಸಂಪಿಗೆ ಇಳಿಯಬೇಕಾಯಿತು, ಮುಂಬೈಯ ಆಜಾದ್ ಮೈದಾನದಲ್ಲಿ ಕೂರಬೇಕಾಯಿತು. ಮಾರ್ಚ್‌ನಲ್ಲಿ ಬಂದ ಆದೇಶದಲ್ಲಿ ಇದ್ದದ್ದು 5,000 ರೂಪಾಯಿ. ಅದೂ ಸಣ್ಣ ಮೊತ್ತವಲ್ಲ, ಹೋರಾಡದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ. ಆದರೆ ನವೆಂಬರ್‌ನ ಮಾತಿಗೂ ಮಾರ್ಚ್‌ನ ಆದೇಶಕ್ಕೂ ನಡುವೆ ಕಳೆದುಹೋದ 2,000 ರೂಪಾಯಿಯನ್ನು ಯಾವ ಕಚೇರಿಗೆ ಹೋಗಿ ಕೇಳಬೇಕು? ಕೇಳಲು ಆಧಾರವಾಗುವ ಒಪ್ಪಂದವೇ ಇರಲಿಲ್ಲ. ಗಡಿಯಾಚೆಯ ಕಥೆಯೂ ಬೇರೆಯಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂತಿದ್ದ ಆಶಾಗಳಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅದೇ ಭರವಸೆಗಾಗಿ ಅವರು ಮತ್ತೆ ಬೀದಿಯಲ್ಲಿದ್ದರು. ಗಡಿಯಾಚೆಯ ಭಾಲ್ಕಿಯ ಆಶಾಗೂ ಈಚೆಯ ಉದಗೀರದ ಆಶಾಗೂ ಸರ್ಕಾರ ಬೇರೆ, ಪಾಡು ಒಂದೇ.

ಒಪ್ಪಂದವೆಂದರೆ ಬರೀ ಪಗಾರದ ಅಂಕಿ ಎಂದುಕೊಂಡರೆ ಅಲ್ಲೂ ಕೈ ಸುಟ್ಟುಕೊಳ್ಳುತ್ತೇವೆ. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಪಾಠ ನಿಲ್ಲಿಸಿ ಹೋರಾಡಿದಾಗ, 2022ರ ಜನವರಿಯಲ್ಲಿ 13,000 ರೂಪಾಯಿ ಇದ್ದ ಗೌರವಧನ ಅರ್ಹತೆ, ಅನುಭವ ಇದ್ದವರಿಗೆ 32,000ದವರೆಗೆ ಏರಿತು. ಸುದ್ದಿ ಓದುವವರಿಗೆ ಅದು ದೊಡ್ಡ ಗೆಲುವು. ಆದರೆ ಅದರ ಜೊತೆಗೇ ವಾರಕ್ಕೆ 8–10 ತಾಸು ಇದ್ದ ಪಾಠ 15 ತಾಸಿಗೆ ಏರಿತು. ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರ ಪಾಲಾದರೆ ಇನ್ನೊಬ್ಬರು ಮನೆಗೆ ಹೋಗಬೇಕು. ಪಗಾರದ ಬೇಡಿಕೆ ಬರೆದವರು ತಾಸಿನ ಬಗ್ಗೆ, ಇದ್ದವರನ್ನು ತೆಗೆಯಕೂಡದು ಎಂಬುದರ ಬಗ್ಗೆ ಒಂದು ಕಲಮನ್ನು ಸರ್ಕಾರದಿಂದ ಒಪ್ಪಿಸಿಕೊಳ್ಳದೆ ಹೋದದ್ದರ ಬೆಲೆ ಅದು. ಉದಗೀರ, ನಿಲಂಗಾದ ಸಿ.ಎಚ್.ಬಿ. ಅಧ್ಯಾಪಕರು ಈ ಪಾಠವನ್ನು ಗಡಿಯಾಚೆಯಿಂದ ಕಲಿಯಬೇಕು. ಅವರಿಗೆ ತಾಸಿನ ದರದಷ್ಟೇ ಮುಖ್ಯವಾದದ್ದು ವರ್ಷಕ್ಕೆ ಎಷ್ಟು ತಾಸು ಖಾತ್ರಿ, ರಜೆಯ ತಿಂಗಳಲ್ಲಿ ಏನು, ಮುಂದಿನ ಜೂನ್‌ಗೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದು. ಒಪ್ಪಂದಕ್ಕೆ ಯಾರು ಒಪ್ಪಿಗೆ ಕೊಡಬೇಕು ಎಂಬುದೂ ಅಷ್ಟೇ ಮುಖ್ಯ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 48,000 ಸಂಶೋಧಕರು, ಬೋಧನಾ ಸಹಾಯಕರು 2022ರ ನವೆಂಬರ್‌ನಲ್ಲಿ ಕೆಲಸ ನಿಲ್ಲಿಸಿದ್ದರು. ಅವರು ಪಡೆದ ಡಾಲರುಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅವರು ಮುಗಿಸಿದ ರೀತಿ. ಡಿಸೆಂಬರ್‌ನಲ್ಲಿ ಕರಡು ಒಪ್ಪಂದ ಸದಸ್ಯರ ಮತಕ್ಕೆ ಹೋಯಿತು, ಸಾಲದು ಎಂದವರು ವಿರುದ್ಧ ಮತ ಹಾಕಿದರು, ಬಹುಮತ ಬಂದ ಮೇಲೆಯೇ ಅದು ಒಪ್ಪಂದವಾಯಿತು. ನಮ್ಮಲ್ಲಿ ಸಂಪು ಮುಗಿಯಿತೆಂಬುದು ಸದಸ್ಯೆಗೆ ಗೊತ್ತಾಗುವುದು ವಾಟ್ಸ್ಯಾಪಿನಿಂದ.

ಆಶಾ ಸ್ವಯಂಸೇವಕಿ, ಅವಳೊಂದಿಗೆ ಎಂಥ ಒಪ್ಪಂದ ಎನ್ನುವವರಿದ್ದಾರೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಶುರುವಾದಾಗ ಹಾಗೆ ಕರೆದದ್ದು ನಿಜ. ಆದರೆ ಕೆಲಸ ನೋಡಿ. ಬಾಣಂತಿಯ ಮನೆಗೆ ಆರೇಳು ಸಲ ಹೋಗಿ ಕೂಸನ್ನು ತೂಗಿ, ಜ್ವರ ನೋಡಿ, ಪಟ್ಟಿ ತುಂಬಿದರೆ 250 ರೂಪಾಯಿ. ಗುರಿ ಸರ್ಕಾರದ್ದು, ರಜಿಸ್ಟರು ಸರ್ಕಾರದ್ದು, ತಪ್ಪಿದರೆ ಜವಾಬು ಕೇಳುವವರೂ ಸರ್ಕಾರದವರೇ. ಗಡಿ ಹಳ್ಳಿಯ ಮನೆಗಳಲ್ಲಿ ಕನ್ನಡದಲ್ಲಿ ತಿಳಿಸಿ ಹೇಳಿ, ವರದಿಯನ್ನು ಮರಾಠಿಯಲ್ಲಿ ಬರೆಯುವ ದುಡಿಮೆ ಯಾವ ಪಟ್ಟಿಯಲ್ಲೂ ಇಲ್ಲ. 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನವೇ ಇಂಥ ಯೋಜನಾ ಕೆಲಸಗಾರರನ್ನು ಕಾರ್ಮಿಕರೆಂದು ಒಪ್ಪಬೇಕೆಂದು ಶಿಫಾರಸು ಮಾಡಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಕಾಯಿದೆ ಅನ್ವಯಿಸುತ್ತದೆ, ಅವರ ಗೌರವಧನವೂ ವೇತನವೇ ಎಂದಿತು. ಬೆಂಗಳೂರು ಜಲಮಂಡಳಿಯ ಮೊಕದ್ದಮೆಯಲ್ಲಿ 1978ರಷ್ಟು ಹಿಂದೆಯೇ ಅದೇ ಕೋರ್ಟು ಆಸ್ಪತ್ರೆ, ವಿದ್ಯಾಸಂಸ್ಥೆಗಳನ್ನೂ ಉದ್ಯಮವೆಂದು ಎಣಿಸಿತ್ತು. ಶಿಕ್ಷಕರು ಮಾತ್ರ ಔದ್ಯೋಗಿಕ ವಿವಾದಗಳ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರಲ್ಲಿ ಹೇಳಿತು. ಅಂದರೆ ಒಂದೇ ಕಾಲೇಜಿನ ಗುಮಾಸ್ತನಿಗಿರುವ ದಾರಿ ಅದೇ ಕಾಲೇಜಿನ ಅಧ್ಯಾಪಕಿಗಿಲ್ಲ. ಕಾಯಿದೆ ಕೈಕೊಡುವಲ್ಲಿ ಬರೆದ ಒಪ್ಪಂದ ಇನ್ನೂ ಹೆಚ್ಚು ಬೇಕು.

ರೋಗಿಗಳ ಗತಿ ಏನು ಎಂಬ ಪ್ರಶ್ನೆ ಎಲ್ಲಕ್ಕಿಂತ ಭಾರವಾದದ್ದು, ಅದನ್ನು ತಳ್ಳಿಹಾಕುವವರ ಜೊತೆ ನಾನಿಲ್ಲ. ಆಶಾ ಬರದ ವಾರಗಳಲ್ಲಿ ಲಸಿಕೆ ತಪ್ಪುತ್ತದೆ, ತುಂಬು ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಆಳಿರುವುದಿಲ್ಲ, ಪೆಟ್ಟು ಬೀಳುವುದು ಬಡವರ ಮನೆಗೇ. ಅದಕ್ಕೇ ಹೆರಿಗೆ, ತುರ್ತು ಸೇವೆ ಸಂಪಿನಲ್ಲೂ ನಿಲ್ಲದಂತೆ ಒಪ್ಪಂದದಲ್ಲೇ ಕಲಮು ಇರಬೇಕೆಂದು ಸಂಘಟನೆಯೇ ಮೊದಲು ಕೇಳಬೇಕು. ಆದರೆ 2024ರ ಆ ಎರಡನೇ ಸಂಪನ್ನು ತಂದದ್ದು ಯಾರು? ಮೊದಲ ಮಾತು ನವೆಂಬರ್‌ನಲ್ಲೇ ಕಾಗದಕ್ಕೆ ಇಳಿದಿದ್ದರೆ ಜನವರಿಯಲ್ಲಿ ಒಬ್ಬಳೂ ಹಳ್ಳಿ ಬಿಟ್ಟು ಮುಂಬೈಗೆ ಹೋಗುತ್ತಿರಲಿಲ್ಲ.

ಆರೋಗ್ಯ ಮಿಷನ್ನಿನ ಹಣದಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40, ರಾಜ್ಯವೊಂದೇ ಹೇಗೆ ಸಹಿ ಹಾಕೀತು ಎಂದು ಅಧಿಕಾರಿಗಳು ಕೇಳುತ್ತಾರೆ. ರಾಜ್ಯ ತನ್ನ ಬೊಕ್ಕಸದಿಂದ ಕೊಡುವ ಭಾಗಕ್ಕೆ ಹಾಕಲಿ, ಅಷ್ಟೇ ಸಾಕು. ಉಮರ್ಗಾ, ನಿಲಂಗಾ, ಉದಗೀರದ ಎಸ್.ಟಿ. ಬಸ್ ಡಿಪೋಗಳಲ್ಲಿ ಕೆಲಸ ಮಾಡುವ ಚಾಲಕ, ಕಂಡಕ್ಟರರ ಪಗಾರ ದಶಕಗಳ ಕಾಲ ನಾಲ್ಕು ವರ್ಷಕ್ಕೊಮ್ಮೆ ಸಂಘಟನೆಯೊಂದಿಗಿನ ಕರಾರಿನಿಂದಲೇ ನಿಗದಿಯಾಗುತ್ತಿತ್ತು. ಆಮೇಲೆ ಆ ಪದ್ಧತಿ ಸಡಿಲವಾಯಿತು ನಿಜ, ಆದರೆ ಸರ್ಕಾರಕ್ಕೆ ಅದು ಅಸಾಧ್ಯವೆಂದು ಯಾರೂ ಹೇಳುವಂತಿಲ್ಲ. ಈಗ ಕಾಯಿದೆಯೂ ಬದಲಾಗಿದೆ. 2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸಂಬಂಧಗಳ ಸಂಹಿತೆಯಲ್ಲಿ ಹಲವು ಸಂಘಟನೆಗಳಿರುವ ಕಡೆ 51 ಪ್ರತಿಶತ ಸದಸ್ಯರಿದ್ದ ಸಂಘಟನೆಯಿದ್ದರೆ ಮಾತುಕತೆಯ ಹಕ್ಕು ಅದೊಂದಕ್ಕೇ, ಸಂಪಿಗೆ ಮುಂಚೆ ಎಲ್ಲರಿಗೂ 14 ದಿನಗಳ ನೋಟಿಸು. ಧರ್ಮಾರ್ಥ ಸೇವೆಯ ಸಂಸ್ಥೆಗಳನ್ನು ಉದ್ಯಮದ ವ್ಯಾಖ್ಯೆಯಿಂದಲೇ ಹೊರಗಿಟ್ಟಿರುವುದರಿಂದ ಟ್ರಸ್ಟಿನ ಹೆಸರಲ್ಲಿ ನಡೆಯುವ ಆಸ್ಪತ್ರೆ, ಕಾಲೇಜುಗಳು ಆ ಬಾಗಿಲಿನಿಂದ ನುಸುಳಲು ನೋಡುತ್ತವೆ. ಆಶಾಗಳಿಗೆ ಈ ಸಂಹಿತೆ ಅನ್ವಯಿಸುತ್ತದೋ ಇಲ್ಲವೋ ಎಂಬ ವಾದ ಕೋರ್ಟುಗಳಲ್ಲಿ ನಡೆಯಲಿ. ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಸದಸ್ಯೆಯರ ಹೆಸರಿನ ಪಟ್ಟಿ, ಚಂದಾ ರಸೀದಿ, ಮಾಡಿದ ಕೆಲಸಕ್ಕೆ ಬಾಕಿ ಉಳಿದ ಹಣದ ತಿಂಗಳವಾರು ಲೆಕ್ಕ, ಇವಿಷ್ಟನ್ನು ಬರೆದಿಡಲು ಯಾವ ತೀರ್ಪಿಗೂ ಕಾಯಬೇಕಿಲ್ಲ. ಬೇಡಿಕೆಗಳ ಕರಡನ್ನು ಮುಂಬೈ, ಪುಣೆಯಿಂದ ತರಿಸದೆ ಇಲ್ಲಿಯೇ, ಮನೆಮಾತಿನಲ್ಲಿ ಚರ್ಚಿಸಿ, ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಲೇಬಾರದು ಎಂದು ಸದಸ್ಯೆಯರ ಕೈಯಿಂದಲೇ ಗುರುತು ಹಾಕಿಸಿ, ಆಮೇಲೆ ಮರಾಠಿಗೆ ತರಬೇಕು. ಮುಂದಿನ ಮಾತುಕತೆಗೆ ಹೋಗುವವರ ಕೈಯಲ್ಲಿ ಆ ಕರಡು ಇರಬೇಕು, ಅದರ ಕೊನೆಯಲ್ಲಿ ಎರಡು ಸಹಿಗಳಿಗೆ ಜಾಗವೂ ಇರಬೇಕು.